ಚಿತ್ರದ ಹಂಸ ನುಂಗಿದ ಹಾರ: ವೈಜ್ಞಾನಿಕ ಧಾರಾವಾಹಿಗಳ ಅನುಬಂಧ ಕಾಮಿಕ್ಸ್

1

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೊಡ್ಡಬಳ್ಳಾಪುರ ತಾಲ್ಲೂಕಿನ ಮಧುರೆ, ಶನಿಮಹಾತ್ಮನ ಸನ್ನಿಧಿಯಿಂದಾಗಿ ನಾಡಿನಲ್ಲಿ ಹೆಸರಾದ ಸ್ಥಳ. ಶನಿವಾರಗಳಂದು, ಅದರಲ್ಲಿಯೂ ಶ್ರಾವಣದ ಶನಿವಾರಗಳಂದು, ಇಲ್ಲಿಗೆ ಬರುವ ಭಕ್ತರಿಗೆ ರಾಜಾ ವಿಕ್ರಮನ ಕಥೆ ಹೊಸದಲ್ಲ. ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಹರಕೆ ಹೊತ್ತವರ ಮನೆಯಂಗಳದಲ್ಲಿ ರಾತ್ರಿಯೆಲ್ಲ ನಡೆಯುವ ಶನಿಕಥೆಯಲ್ಲಿ ಒಬ್ಬರು ಪದ್ಯವನ್ನು ಹಾಡುತ್ತಾರೆ, ಮತ್ತೊಬ್ಬರು ಅದರ ಅರ್ಥವನ್ನು ಹೇಳುತ್ತಾರೆ. ಪದ್ಯವು ಪುಸ್ತಕದಲ್ಲಿರುವಂತೆಯೇ ಇರಬೇಕು. ಅರ್ಥಕ್ಕೆ ಮಾತ್ರ ಆ ಕಟ್ಟಿಲ್ಲ. ಕೈಕಾಲು ಕಳೆದುಕೊಂಡ ವಿಕ್ರಮನು ಗಾಣಿಗನ ಮನೆಯಲ್ಲಿ ಗಾಣ ಹೊಡೆಯುತ್ತ ಕಳೆದ ವರ್ಷಗಳನ್ನು ಪದ್ಯವು ಬೇಗನೆ ದಾಟಿಬಿಡಬಹುದು. ಅರ್ಥ ಹೇಳುವವನು ಅಲ್ಲಿಯೇ ನಿಂತು ಗಾಣಿಗನ ಕರುಣೆಯನ್ನೂ ಅವನ ಮನೆಯವರ ಅನುಮಾನವನ್ನೂ ಅರ್ಧ ಗಂಟೆ ಬೆಳೆಸಬಲ್ಲನು. ಮೂಲಕ್ಕೆ ಭಂಗ ಬಾರದಂತೆ, ಮೂಲದ ಮೌನವಿರುವ ಕಡೆಯಲ್ಲಿ ಮಾತು ಹುಟ್ಟಿಸುವ ಈ ಕ್ರಮವು ಕನ್ನಡಿಗರಿಗೆ ಅತ್ಯಂತ ಪರಿಚಿತವಾದ ಕಥನವಿಧಾನವಾಗಿದೆ.

ಇದೇ ಕಥೆಯಲ್ಲಿ ಒಂದು ವಿಚಿತ್ರವಾದ ಸಂದರ್ಭವಿದೆ. ವ್ಯಾಪಾರಿಯ ಮನೆಯಲ್ಲಿ ತಂಗಿದ್ದ ವಿಕ್ರಮನ ಕಣ್ಣೆದುರಿನಲ್ಲಿಯೇ ಗೋಡೆಯ ಮೇಲೆ ಬರೆದ ಹಂಸವೊಂದು ಮುತ್ತಿನ ಹಾರವನ್ನು ನುಂಗುತ್ತದೆ. ಚಿತ್ರವು ಹಾರ ನುಂಗಿತೆಂದರೆ ನಂಬುವವರಾರು? ಕಳ್ಳತನದ ಆರೋಪ ವಿಕ್ರಮನ ಮೇಲೆ ಬರುತ್ತದೆ, ಶಿಕ್ಷೆಯಾಗುತ್ತದೆ. ಶನಿಯ ಕಾಟ ಮುಗಿದ ಮೇಲೆ ಅದೇ ಹಂಸವು ಹಾರವನ್ನು ಹೊರಗೆ ಉಗುಳುತ್ತದೆ, ನಿಜವು ಸಾಬೀತಾಗುತ್ತದೆ. ಮುಖ್ಯಕಥೆಯ ಒಡವೆಯೊಂದನ್ನು ಚಿತ್ರವು ಒಳಗೆ ಸೇರಿಸಿಕೊಳ್ಳುವುದು, ಬಹುಕಾಲ ಅದನ್ನು ಯಾರೂ ನಂಬದಿರುವುದು, ಕೊನೆಗೆ ಅದು ಹಿಂದಿರುಗುವುದು ಎಂಬ ಈ ಮೂರು ಘಟ್ಟಗಳು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬೆಳೆದ ಒಂದು ಜನಪ್ರಿಯ ಸಾಹಿತ್ಯಪ್ರಕಾರದ ಚರಿತ್ರೆಯನ್ನು ಅರಿಯಲು ನೆರವಾಗುತ್ತವೆ. ಕಿರುತೆರೆಯ ವೈಜ್ಞಾನಿಕ ಧಾರಾವಾಹಿಗಳ ಕಥೆಯನ್ನು ಮುಂದುವರಿಸುವ, ಅವುಗಳ ನಡುವಿನ ತೆರಪುಗಳನ್ನು ತುಂಬುವ ಕಾಮಿಕ್ಸ್ ಆ ಪ್ರಕಾರ. ಅದನ್ನು ಇಲ್ಲಿ ‘ಅನುಬಂಧ ಕಾಮಿಕ್ಸ್’ ಎಂದು ಕರೆಯಲಾಗಿದೆ. ‘ಚಿತ್ರಕಥೆ’ ಎಂಬ ಮಾತು ಕನ್ನಡದಲ್ಲಿ ಚಲನಚಿತ್ರದ ಬರವಣಿಗೆಗೂ ಸಲ್ಲುವುದರಿಂದ, ಓದುಗರು ಬಸ್ ನಿಲ್ದಾಣದ ಪುಸ್ತಕದಂಗಡಿಯಲ್ಲಿ ಕೇಳಿ ಪಡೆಯುತ್ತಿದ್ದ ‘ಕಾಮಿಕ್ಸ್’ ಎಂಬ ಹೆಸರೇ ಇಲ್ಲಿ ಹೆಚ್ಚು ನಿಖರವಾದುದು.

2

ಅನುಬಂಧ ಕಾಮಿಕ್ಸ್ ಹುಟ್ಟಲು ಇದ್ದ ಕಾರಣಗಳು ಮೊದಲಿಗೆ ವ್ಯಾಪಾರದವು. ಧಾರಾವಾಹಿಯೊಂದು ಜನಪ್ರಿಯವಾದಾಗ ಅದರ ಹೆಸರನ್ನೂ ಪಾತ್ರಗಳನ್ನೂ ಬಳಸುವ ಹಕ್ಕನ್ನು ಪ್ರಕಾಶಕರು ಹಣ ಕೊಟ್ಟು ಪಡೆಯುತ್ತಾರೆ. ಆದರೆ ವೈಜ್ಞಾನಿಕ ಕಥೆಗಳ ವಿಷಯದಲ್ಲಿ ಕಲೆಗೆ ಸಂಬಂಧಿಸಿದ ಇನ್ನೊಂದು ಕಾರಣವೂ ಸೇರಿಕೊಂಡಿತು. ಕಿರುತೆರೆಯಲ್ಲಿ ಒಂದು ಹೊಸ ಗ್ರಹವನ್ನು ತೋರಿಸಬೇಕಾದರೆ ಅದನ್ನು ಮರ, ಬಟ್ಟೆ, ಬಣ್ಣಗಳಿಂದ ಕಟ್ಟಬೇಕು. ಸಾವಿರ ನೌಕೆಗಳ ಯುದ್ಧಕ್ಕೆ ಸಾವಿರ ನೌಕೆಗಳ ಖರ್ಚನ್ನು ಯೋಚಿಸಬೇಕು. ಕಾಗದದ ಮೇಲೆ ಒಂದು ಕೋಣೆಯನ್ನು ಬರೆಯುವುದಕ್ಕೂ ಒಂದು ನಕ್ಷತ್ರಮಂಡಲವನ್ನು ಬರೆಯುವುದಕ್ಕೂ ತಗಲುವ ಮಸಿ ಹೆಚ್ಚುಕಡಿಮೆ ಅಷ್ಟೇ. ಕಿರುತೆರೆ ಹೇಳಲಾಗದೆ ಬಿಟ್ಟುದನ್ನು ಹೇಳುವ ಸಾಮರ್ಥ್ಯವು ಕಾಮಿಕ್ಸ್‌ಗೆ ಹೀಗೆ ಸಹಜವಾಗಿಯೇ ದೊರೆಯಿತು.

ಸಾಮರ್ಥ್ಯ ದೊರೆತರೂ ಅಧಿಕಾರ ದೊರೆಯಲಿಲ್ಲ. ‘ಸ್ಟಾರ್ ಟ್ರೆಕ್’ ಸರಣಿಯ ಒಡೆತನ ಹೊಂದಿದವರು ಬಹುಕಾಲ ಪಾಲಿಸಿದ ನಿಯಮದಂತೆ ತೆರೆಯ ಮೇಲೆ ನಡೆದುದೇ ಆ ಕಥಾಲೋಕದ ನಿಜ. ಪುಸ್ತಕ, ಕಾಮಿಕ್ಸ್‌ಗಳಲ್ಲಿ ನಡೆದುದು ನಿಜವಲ್ಲ. ಕಾಮಿಕ್ಸ್ ಬರೆಯುವವನು ಪ್ರತಿಯೊಂದು ಕಥೆಗೂ ಹಕ್ಕುದಾರರ ಒಪ್ಪಿಗೆ ಪಡೆಯಬೇಕು. ಆದರೆ ಹಾಗೆ ಒಪ್ಪಿಗೆ ಪಡೆದ ಕಥೆಯನ್ನು ಕೂಡ ಮುಂದಿನ ವರ್ಷ ತೆರೆಯ ಮೇಲಿನ ಒಂದೇ ಸಂಭಾಷಣೆ ಅಳಿಸಿಹಾಕಬಹುದು. ಶನಿಕಥೆಯಲ್ಲಿ ಅರ್ಥ ಹೇಳುವವನ ಸ್ಥಿತಿಯೂ ಇದೇ ತೆರನಾದುದು. ಅವನ ಮಾತು ಆ ರಾತ್ರಿಗೆ ಸತ್ಯ. ಬೆಳಿಗ್ಗೆ ಪುಸ್ತಕ ಮುಚ್ಚಿದಾಗ ಅದರೊಳಗೆ ಉಳಿಯುವುದು ಪದ್ಯ ಮಾತ್ರ.

ಇಂತಹ ಅಧಿಕಾರಹೀನ ವಿಸ್ತರಣೆಯನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು ಎಂಬುದೇ ಪ್ರಸ್ತುತ ವಿವೇಚನೆಯ ಪ್ರಶ್ನೆ. ಅಭಿಮಾನಿ ಓದುಗರು ಸಾಮಾನ್ಯವಾಗಿ ಕೇಳುವುದು ‘ಇದು ಮೂಲಕ್ಕೆ ಹೊಂದುತ್ತದೆಯೆ?’ ಎಂಬುದನ್ನು. ಈ ಪ್ರಶ್ನೆ ಅನಗತ್ಯವಲ್ಲವಾದರೂ ಸಾಲದು. ಮೂಲವು ಬಿಟ್ಟ ಮೌನಗಳೆಲ್ಲ ಒಂದೇ ಬಗೆಯವಲ್ಲ. ಕೆಲವು ಅವಸರದಿಂದ ಉಳಿದವು, ಕೆಲವು ಅಸಹಾಯಕತೆಯಿಂದ ಉಳಿದವು, ಇನ್ನು ಕೆಲವು ಅರ್ಥಪೂರ್ಣವಾಗಿ ಉಳಿಸಿದವು. ಯಾವ ಮೌನವನ್ನು ಮಾತಾಗಿಸಬೇಕು, ಯಾವುದನ್ನು ಮುಟ್ಟಬಾರದು ಎಂಬ ವಿವೇಕದಲ್ಲಿ ಅನುಬಂಧ ಕಾಮಿಕ್ಸ್‌ನ ಸಾರ್ಥಕತೆ ಅಡಗಿದೆ.

3

ಮೊದಲ ಘಟ್ಟದ ಅನುಬಂಧ ಕಾಮಿಕ್ಸ್‌ಗಳಲ್ಲಿ ಈ ವಿವೇಕಕ್ಕೆ ಎಡೆಯೇ ಇರಲಿಲ್ಲ. ಏಕೆಂದರೆ ಮೂಲದ ಪರಿಚಯವೇ ಅವುಗಳನ್ನು ರೂಪಿಸಿದವರಿಗೆ ತೆಳುವಾಗಿತ್ತು. ‘ಸ್ಟಾರ್ ಟ್ರೆಕ್’ 1966ರಿಂದ 1969ರವರೆಗೆ ಅಮೆರಿಕದಲ್ಲಿ ಪ್ರಸಾರವಾದ ಧಾರಾವಾಹಿ. ಒಟ್ಟು 79 ಕಂತುಗಳು. 1980ರ ದಶಕದಲ್ಲಿ ದೂರದರ್ಶನದ ಮೂಲಕ ಅದು ಕರ್ನಾಟಕದ ಮನೆಗಳಿಗೂ ಬಂದಿತು. ಅಮೆರಿಕದ ಗೋಲ್ಡ್ ಕೀ ಪ್ರಕಾಶನವು 1967ರಿಂದ 1979ರವರೆಗೆ ಈ ಧಾರಾವಾಹಿಯ 61 ಕಾಮಿಕ್ಸ್ ಸಂಚಿಕೆಗಳನ್ನು ಹೊರತಂದಿತು. ಮೊದಲ ಸಂಚಿಕೆಗಳಿಗೆ ಚಿತ್ರ ಬರೆದ ನೆವಿಯೊ ಜೆಕ್ಕಾರ, ಅವರ ನಂತರ ಬಹುಕಾಲ ಈ ಕೆಲಸ ಮಾಡಿದ ಆಲ್ಬರ್ಟೊ ಜೊಲಿಟ್ಟಿ ಇಬ್ಬರೂ ಇಟಲಿಯವರು. ಜೊಲಿಟ್ಟಿ ಧಾರಾವಾಹಿಯನ್ನು ನೋಡಿರದೆ, ಕಳುಹಿಸಿಕೊಟ್ಟ ಛಾಯಾಚಿತ್ರಗಳನ್ನು ಆಧರಿಸಿ ಬರೆಯುತ್ತಿದ್ದರು. ಆದುದರಿಂದಲೇ ಧಾರಾವಾಹಿಯಲ್ಲಿ ಹೊಗೆಯಿಲ್ಲದೆ ಚಲಿಸುವ ಎಂಟರ್‌ಪ್ರೈಸ್ ನೌಕೆ ಈ ಕಾಮಿಕ್ಸ್‌ನಲ್ಲಿ ದೀಪಾವಳಿಯ ಬಾಣದಂತೆ ಬೆಂಕಿಯನ್ನು ಉಗುಳುತ್ತದೆ.

ಈ ದೋಷ ನಗೆ ತರಿಸುವಂತಹುದು ಮಾತ್ರ. ಗಂಭೀರವಾದ ದೋಷವು ಮೊದಲ ಸಂಚಿಕೆಯ ಕಥೆಯಲ್ಲಿದೆ. ಸಸ್ಯಗಳೇ ಆಳುವ ಒಂದು ಗ್ರಹಕ್ಕೆ ಹೋದ ನೌಕೆಯ ಸಿಬ್ಬಂದಿ ಅಪಾಯಕ್ಕೆ ಸಿಕ್ಕಿ, ಕಡೆಗೆ ಅಲ್ಲಿಂದ ಪಾರಾಗುತ್ತಾರೆ. ಹೊರಡುವ ಮುನ್ನ ಆ ಗ್ರಹದ ಸಸ್ಯಜೀವಗಳನ್ನೆಲ್ಲ ಸುಟ್ಟು ನಾಶಗೊಳಿಸುತ್ತಾರೆ. ಅನ್ಯಜೀವಿಯನ್ನು ಕೊಲ್ಲುವ ಮೊದಲು ಅದನ್ನು ಅರಿಯಬೇಕು ಎಂಬುದನ್ನೇ ಹಲವು ಕಂತುಗಳಲ್ಲಿ ಹೇಳಿದ ಧಾರಾವಾಹಿಯ ಹೆಸರಿನಲ್ಲಿ ಇಂತಹ ಮುಕ್ತಾಯ ಬಂದಿತು. ನೌಕೆಯ ಆಕಾರ ತಪ್ಪಿದರೆ ತಿದ್ದಬಹುದು. ರಸವೇ ತಪ್ಪಿದರೆ ಹೆಸರು ಮಾತ್ರ ಉಳಿಯುತ್ತದೆ. ಆನಂದವರ್ಧನನು ‘ಧ್ವನ್ಯಾಲೋಕ’ದ ಮೂರನೆಯ ಉದ್ಯೋತದಲ್ಲಿ, ಇತಿಹಾಸದಿಂದ ಪಡೆದ ಕಥೆಯಲ್ಲಿ ರಸಕ್ಕೆ ವಿರುದ್ಧವಾದ ಅಂಶವಿದ್ದರೆ ಕವಿಯು ಅದನ್ನು ಬಿಟ್ಟು ರಸೋಚಿತವಾದುದನ್ನು ಕಲ್ಪಿಸಿಕೊಳ್ಳಬೇಕೆಂದು ಹೇಳುತ್ತಾನೆ. ಕಥೆಯನ್ನು ಬದಲಿಸುವ ಸ್ವಾತಂತ್ರ್ಯವನ್ನು ರಸಕ್ಕಾಗಿ ಕೊಡುವ ಈ ಸೂತ್ರವನ್ನು ಗೋಲ್ಡ್ ಕೀಯವರು ತಿರುಗುಮುರುಗಾಗಿಸಿದರು: ಪಾತ್ರಗಳ ಹೆಸರುಗಳನ್ನು ಉಳಿಸಿಕೊಂಡು ರಸವನ್ನು ಬಿಟ್ಟರು.

ಬ್ರಿಟನ್ನಿನಲ್ಲಿ ನಡೆದುದು ತುಸು ಭಿನ್ನ. 1963ರ ನವೆಂಬರ್ 23ರಂದು ಆರಂಭವಾದ ‘ಡಾಕ್ಟರ್ ಹೂ’ ಧಾರಾವಾಹಿಯ ಕಾಮಿಕ್ಸ್ ಒಂದು ವರ್ಷದೊಳಗೆ ‘ಟಿವಿ ಕಾಮಿಕ್’ ವಾರಪತ್ರಿಕೆಯಲ್ಲಿ ನೆವಿಲ್ ಮೇನ್ ಅವರ ಚಿತ್ರಗಳೊಂದಿಗೆ ಬರತೊಡಗಿತು. ಕಾಲದಲ್ಲಿ ಸಂಚರಿಸುವ ಮುದುಕನ ಜೊತೆಗೆ ಇಲ್ಲಿದ್ದವರು ಜಾನ್ ಮತ್ತು ಗಿಲಿಯನ್ ಎಂಬ ಇಬ್ಬರು ಮೊಮ್ಮಕ್ಕಳು. ಇವರು ಧಾರಾವಾಹಿಯಲ್ಲಿ ಎಂದೂ ಕಾಣಿಸಿಕೊಂಡವರಲ್ಲ. ಆದರೂ ಮುದುಕನ ವಿಲಕ್ಷಣ ವಾತ್ಸಲ್ಯಕ್ಕೆ ಮೂಲದಲ್ಲಿಯೇ ಇದ್ದ ಬೀಜವನ್ನು ಇವರು ಬೆಳೆಸಿದರು. ಹಾಗೆಯೇ 1965ರಿಂದ 1967ರವರೆಗೆ ‘ಟಿವಿ ಸೆಂಚುರಿ 21’ ಪತ್ರಿಕೆಯಲ್ಲಿ ಬಂದ ಡಾಲೆಕ್‌ಗಳ ಕಾಮಿಕ್ಸ್, ನಾಯಕನನ್ನೇ ಬಿಟ್ಟು ಖಳರ ಚರಿತ್ರೆಯನ್ನು ಹೇಳಿತು. 1975ರಲ್ಲಿ ಧಾರಾವಾಹಿಯೇ ಡಾಲೆಕ್‌ಗಳ ಹುಟ್ಟಿನ ಬೇರೊಂದು ಕಥೆಯನ್ನು ಹೇಳಿದಾಗ ಕಾಮಿಕ್ಸ್ ಹೇಳಿದ್ದ ಹುಟ್ಟು ಸುಳ್ಳಾಯಿತು. ಅದರಿಂದ ಆ ಪುಟಗಳ ಬೆಲೆ ಕುಂದಲಿಲ್ಲ. ಪ್ರತಿನಾಯಕನ ಕಡೆಯಿಂದ ಕಥೆಯನ್ನು ನೋಡುವ ಧೈರ್ಯವು ಅವುಗಳದು; ರನ್ನನ ‘ಗದಾಯುದ್ಧ’ವನ್ನು ಓದಿದವರಿಗೆ ಆ ಧೈರ್ಯದ ಬೆಲೆಯನ್ನು ವಿವರಿಸಬೇಕಾದುದಿಲ್ಲ.

4

ಎರಡನೆಯ ಘಟ್ಟದಲ್ಲಿ ಧಾರಾವಾಹಿಯ ಕರ್ತೃಗಳೇ ಕಾಮಿಕ್ಸ್‌ನ ಕಡೆಗೆ ತಿರುಗಿದರು. ಐದು ವರ್ಷಗಳ ಕಥೆಯನ್ನು ಮೊದಲೇ ಯೋಜಿಸಿಕೊಂಡು ಜೆ. ಮೈಕೆಲ್ ಸ್ಟ್ರಾಝಿನ್ಸ್ಕಿ ರೂಪಿಸಿದ ‘ಬ್ಯಾಬಿಲಾನ್ 5’ ಇದಕ್ಕೆ ಉತ್ತಮ ನಿದರ್ಶನ. ಮೊದಲ ವರ್ಷದ ಕೊನೆಗೆ ನಾಯಕಪಾತ್ರವಾದ ಸಿಂಕ್ಲೇರ್ ಧಾರಾವಾಹಿಯಿಂದ ಹೊರಗೆ ಹೋಗಬೇಕಾಯಿತು. ಅವನನ್ನು ಮಿನ್‌ಬಾರಿಗಳ ಲೋಕಕ್ಕೆ ರಾಯಭಾರಿಯಾಗಿ ಕಳುಹಿಸಲಾಯಿತೆಂಬ ಸುದ್ದಿ ಮಾತ್ರ ತೆರೆಯ ಮೇಲೆ ಬಂದಿತು. ಆ ನಿರ್ಗಮನದ ಕಥೆಯನ್ನು 1995ರಲ್ಲಿ ಡಿ.ಸಿ. ಸಂಸ್ಥೆಯ ಕಾಮಿಕ್ಸ್ ಹೇಳಿತು. ಮೊದಲ ಸಂಚಿಕೆಯನ್ನು ಸ್ಟ್ರಾಝಿನ್ಸ್ಕಿ ತಾವೇ ಬರೆದರು. ಇಲ್ಲಿನ ಮೌನವು ಅಸಹಾಯಕತೆಯ ಮೌನ; ಅದನ್ನು ತುಂಬಿದುದು ನ್ಯಾಯವೂ ಆಗಿತ್ತು, ಅಗತ್ಯವೂ ಆಗಿತ್ತು.

ಆದರೆ ಇದೇ ಮಾದರಿಯು ಮುಂದೆ ಒಂದು ಸೌಲಭ್ಯವಾಗಿ ಮಾರ್ಪಟ್ಟಿತು. 2009ರ ‘ಸ್ಟಾರ್ ಟ್ರೆಕ್’ ಚಲನಚಿತ್ರದಲ್ಲಿ ನೀರೋ ಎಂಬ ಪ್ರತಿನಾಯಕನ ದ್ವೇಷಕ್ಕೆ ಕಾರಣವನ್ನು ಕೆಲವೇ ಕ್ಷಣಗಳಲ್ಲಿ ಹೇಳಿ ಮುಗಿಸಲಾಗಿದೆ. ಅವನು ತನ್ನ ಗ್ರಹವನ್ನೂ ಮಡದಿಯನ್ನೂ ಕಳೆದುಕೊಂಡ ದುಃಖದ ಪೂರ್ಣ ಚಿತ್ರಣವಿರುವುದು ಚಿತ್ರಕ್ಕೆ ಮೊದಲು ಐ.ಡಿ.ಡಬ್ಲ್ಯು. ಪ್ರಕಾಶನ ಹೊರತಂದ ‘ಕೌಂಟ್‌ಡೌನ್’ ಎಂಬ ನಾಲ್ಕು ಸಂಚಿಕೆಗಳ ಕಾಮಿಕ್ಸ್‌ನಲ್ಲಿ. ಮುಖ್ಯಕೃತಿಯು ತಾನೇ ನಿರ್ವಹಿಸಬೇಕಾದ ಪಾತ್ರಪೋಷಣೆಯನ್ನು ಅನುಬಂಧಕ್ಕೆ ವರ್ಗಾಯಿಸಿತು. ಅನುಬಂಧವನ್ನು ಓದದವನಿಗೆ ಮುಖ್ಯಕೃತಿ ಅರ್ಧ. ಮುಖ್ಯಕೃತಿಯನ್ನು ನೋಡದವನಿಗೆ ಅನುಬಂಧ ಅರ್ಧ. ಇದು ವಿಸ್ತರಣೆಯಲ್ಲ, ವಿಭಜನೆ.

ಭಾರತೀಯ ಓದುಗನಿಗೆ ಇನ್ನಷ್ಟು ಹತ್ತಿರವಾದ ಉದಾಹರಣೆ ಖಾನ್ ನೂನಿಯನ್ ಸಿಂಗ್ ಎಂಬ ಪಾತ್ರದ್ದು. 1967ರ ಫೆಬ್ರುವರಿಯಲ್ಲಿ ಪ್ರಸಾರವಾದ ‘ಸ್ಪೇಸ್ ಸೀಡ್’ ಕಂತಿನಲ್ಲಿ ಈತನು ಉತ್ತರ ಭಾರತದ ಕಡೆಯವನು, ಬಹುಶಃ ಸಿಖ್ಖನು ಎಂಬ ಸೂಚನೆಯಿದೆ. ಪಾತ್ರವನ್ನು ವಹಿಸಿದವರು ಮೆಕ್ಸಿಕೊ ಮೂಲದ ರಿಕಾರ್ಡೊ ಮಾಂಟಲ್ಬಾನ್. 1982ರ ಚಲನಚಿತ್ರದಲ್ಲಿಯೂ ಅವರೇ ಇದ್ದರು. 2013ರ ‘ಸ್ಟಾರ್ ಟ್ರೆಕ್ ಇನ್‌ಟು ಡಾರ್ಕ್‌ನೆಸ್’ ಚಿತ್ರದಲ್ಲಿ ಅದೇ ಖಾನ್ ಆಗಿ ಬಂದವರು ಆಂಗ್ಲ ನಟ ಬೆನೆಡಿಕ್ಟ್ ಕಂಬರ್‌ಬ್ಯಾಚ್. ಭಾರತೀಯ ಹೆಸರಿನ ವ್ಯಕ್ತಿ ಬಿಳಿಯ ಆಂಗ್ಲನಂತೆ ಏಕೆ ಕಾಣುತ್ತಾನೆ ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು. ಅದಕ್ಕೆ ಉತ್ತರ ಕೊಡುವ ಹೊಣೆ ಬಿದ್ದುದು ಕಾಮಿಕ್ಸ್‌ನ ಮೇಲೆ. 2013ರ ಅಕ್ಟೋಬರಿನಿಂದ ಐದು ಸಂಚಿಕೆಗಳಲ್ಲಿ ಬಂದ ‘ಖಾನ್’ ಕಾಮಿಕ್ಸ್, ಈತನನ್ನು ಭಾರತದ ಬೀದಿಯ ಅನಾಥ ಬಾಲಕನಾಗಿ ಪರಿಚಯಿಸಿ, ಮುಂದೆ ನಿದ್ರೆಯಿಂದ ಎಬ್ಬಿಸಿದವರು ಅವನ ನೆನಪನ್ನು ಅಳಿಸಿ ಶಸ್ತ್ರಚಿಕಿತ್ಸೆಯಿಂದ ಮುಖವನ್ನೇ ಬದಲಿಸಿದರೆಂದು ವಿವರಿಸುತ್ತದೆ.

ಕಥೆಯ ತರ್ಕಕ್ಕೆ ಇದು ಹೊಂದುತ್ತದೆ. ಹೊಂದುವುದೇ ಇಲ್ಲಿನ ತೊಡಕು. ಖಾನನ ಮುಖ ಬದಲಾದುದು ಕಥೆಯೊಳಗಿನ ಶಸ್ತ್ರಚಿಕಿತ್ಸೆಯಿಂದಲ್ಲ, ಕಥೆಯ ಹೊರಗೆ ಪಾತ್ರ ಹಂಚಿದವರ ತೀರ್ಮಾನದಿಂದ. ಆ ತೀರ್ಮಾನವನ್ನು ಪ್ರಶ್ನಿಸಬೇಕಾಗಿದ್ದ ಓದುಗನಿಗೆ ಕಾಮಿಕ್ಸ್ ಒಂದು ಕಾರಣವನ್ನು ಕೊಟ್ಟು ಸಮಾಧಾನ ಮಾಡಿತು. ಇಲ್ಲಿ ತುಂಬಿದುದು ಕಥೆಯ ಮೌನವನ್ನಲ್ಲ, ನಿರ್ಮಾಪಕರ ಮೌನವನ್ನು. 2023ರಲ್ಲಿ ‘ಸ್ಟ್ರೇಂಜ್ ನ್ಯೂ ವರ್ಲ್ಡ್ಸ್’ ಧಾರಾವಾಹಿಯ ಒಂದು ಕಂತು ಖಾನನ ಬಾಲ್ಯವನ್ನು ಕೆನಡಾದ ಟೊರಾಂಟೊ ನಗರದಲ್ಲಿ ತೋರಿಸಿತು. ಕಾಮಿಕ್ಸ್ ಕೊಟ್ಟಿದ್ದ ಭಾರತದ ಬಾಲ್ಯವನ್ನು ತೆರೆಯು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ತೆರೆಯ ತಪ್ಪನ್ನು ಮುಚ್ಚಲು ಕರೆಸಿಕೊಂಡ ಕೆಲಸಗಾರನನ್ನು ಕೆಲಸ ಮುಗಿದ ಮೇಲೆ ಹೊರಗೆ ಕಳುಹಿಸಿದಂತೆ ಇದು ತೋರುತ್ತದೆ.

5

ನಡುವೆಯೇ ನಿಂತುಹೋದ ಕಥೆಯನ್ನು ಪೂರ್ಣಗೊಳಿಸುವುದು ಮೂರನೆಯ ಬಗೆ. ಇದು ಕನ್ನಡ ಸಾಹಿತ್ಯದ ವಿದ್ಯಾರ್ಥಿಗೆ ಹೊಸದಲ್ಲ. ಕುಮಾರವ್ಯಾಸನು ಭಾರತದ ಮೊದಲ ಹತ್ತು ಪರ್ವಗಳನ್ನು ಹೇಳಿ ನಿಲ್ಲಿಸಿದನು; ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಆಶ್ರಯದಲ್ಲಿ ತಿಮ್ಮಣ್ಣಕವಿ ಪೂರ್ಣಗೊಳಿಸಿದನು. ತಿಮ್ಮಣ್ಣನ ಕೃತಿ ಉಪಯುಕ್ತವಾಯಿತು. ಆದರೆ ಗಮಕಿಗಳ ನಾಲಗೆಯ ಮೇಲೆ ಉಳಿದುದು ಕುಮಾರವ್ಯಾಸನ ಭಾಗವೇ. ಪೂರ್ಣತೆಯೇ ಕೃತಿಯ ಹಿರಿಮೆಯಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

‘ಫೈರ್‌ಫ್ಲೈ’ ಧಾರಾವಾಹಿಯ 14 ಕಂತುಗಳು ಸಿದ್ಧವಾಗಿದ್ದವು. 2002ರಲ್ಲಿ 11 ಮಾತ್ರ ಪ್ರಸಾರವಾಗಿ ಅದು ನಿಂತಿತು. 2005ರಲ್ಲಿ ‘ಸೆರೆನಿಟಿ’ ಎಂಬ ಚಲನಚಿತ್ರವು ಕಥೆಗೆ ಒಂದು ಕೊನೆಯನ್ನು ಕೊಟ್ಟಿತು. ಅದೇ ವರ್ಷ ಡಾರ್ಕ್ ಹಾರ್ಸ್ ಪ್ರಕಾಶನವು ಧಾರಾವಾಹಿಗೂ ಚಿತ್ರಕ್ಕೂ ನಡುವಿನ ಘಟನೆಗಳನ್ನು ‘ದೋಸ್ ಲೆಫ್ಟ್ ಬಿಹೈಂಡ್’ ಎಂಬ ಮೂರು ಸಂಚಿಕೆಗಳಲ್ಲಿ ಹೇಳಿತು. ಇದು ಸೇತುವೆ, ದಾಟಿದ ಮೇಲೆ ನೆನಪಿನಲ್ಲಿ ಉಳಿಯುವಂತಹುದಲ್ಲ. ಆದರೆ 2010ರಲ್ಲಿ ಬಂದ ‘ದ ಶೆಫರ್ಡ್ಸ್ ಟೇಲ್’ ಬೇರೆಯೇ ಮಟ್ಟದ್ದು. ಧಾರಾವಾಹಿಯಲ್ಲಿದ್ದ ಬುಕ್ ಎಂಬ ವೃದ್ಧ ಪಾದ್ರಿಗೆ ಶಸ್ತ್ರಗಳ ಜ್ಞಾನ, ಸೈನ್ಯದ ಪರಿಚಯ ಎಲ್ಲಿಂದ ಬಂದಿತೆಂಬುದು ಉತ್ತರವಿಲ್ಲದೆ ಉಳಿದಿತ್ತು. ಚಲನಚಿತ್ರದಲ್ಲಿ ಅವನು ಸತ್ತುಹೋದನು. ಝ್ಯಾಕ್ ವೀಡನ್ ಬರೆದು ಕ್ರಿಸ್ ಸಾಮ್ನಿ ಚಿತ್ರಿಸಿದ ಈ ಕೃತಿಯು ಬುಕ್‌ನ ಜೀವನವನ್ನು ಸಾವಿನಿಂದ ಆರಂಭಿಸಿ ಹಿಂದಕ್ಕೆ, ಬಾಲ್ಯದ ಕಡೆಗೆ ಹೇಳುತ್ತದೆ. ಪ್ರತಿಯೊಂದು ಉತ್ತರದ ಹಿಂದೆ ಇನ್ನೊಂದು ಪ್ರಶ್ನೆ ತೆರೆದುಕೊಳ್ಳುತ್ತದೆ. ಪಾತ್ರದ ಗುಟ್ಟು ತಿಳಿದರೂ ಅವನ ಘನತೆ ಕುಗ್ಗುವುದಿಲ್ಲ. ಅವನು ಏನಾಗಿದ್ದನೆಂಬುದಕ್ಕಿಂತ ಏನಾದನೆಂಬುದೇ ದೊಡ್ಡದಾಗಿ ಕಾಣುತ್ತದೆ. ಅರ್ಥಪೂರ್ಣವಾದ ಮೌನವನ್ನು ಮುಟ್ಟಿಯೂ ಕೆಡಿಸದಿರುವುದು ಹೇಗೆಂಬುದಕ್ಕೆ ಈ ಪುಟ್ಟ ಪುಸ್ತಕ ಮಾದರಿಯಾಗಿದೆ.

6

ಚಿತ್ರದ ಹಂಸವು ಹಾರವನ್ನು ಹಿಂದಕ್ಕೆ ಕೊಟ್ಟ ಅಪೂರ್ವ ಸಂದರ್ಭ ‘ಡಾಕ್ಟರ್ ಹೂ’ ಚರಿತ್ರೆಯಲ್ಲಿಯೇ ಇದೆ. 1979ರಲ್ಲಿ ಆರಂಭವಾದ ‘ಡಾಕ್ಟರ್ ಹೂ ವೀಕ್ಲಿ’ ಪತ್ರಿಕೆಯಲ್ಲಿ 1980ರಲ್ಲಿ ‘ದ ಸ್ಟಾರ್ ಬೀಸ್ಟ್’ ಎಂಬ ಕಾಮಿಕ್ಸ್ ಬಂದಿತು. ಪ್ಯಾಟ್ ಮಿಲ್ಸ್ ಮತ್ತು ಜಾನ್ ವ್ಯಾಗ್ನರ್ ಅವರ ಹೆಸರಿನಲ್ಲಿ ಬಂದ ಈ ಕಥೆಗೆ ಚಿತ್ರ ಬರೆದವರು ಮುಂದೆ ‘ವಾಚ್‌ಮೆನ್’ ಕೃತಿಯಿಂದ ಪ್ರಸಿದ್ಧರಾದ ಡೇವ್ ಗಿಬನ್ಸ್. ಮುದ್ದಾದ, ರೋಮಭರಿತ ಪುಟ್ಟ ಜೀವಿಯೊಂದು ಭೂಮಿಗೆ ಬಂದು ಬೀಳುತ್ತದೆ. ಭಯಂಕರಾಕಾರದ ಜೀವಿಗಳು ಅದನ್ನು ಬೆನ್ನಟ್ಟುತ್ತವೆ. ಕಥೆ ಮುಂದುವರಿದಂತೆ ಮುದ್ದಾದುದೇ ಕ್ರೂರಿ, ಭಯಂಕರವಾದವೇ ನ್ಯಾಯಪಾಲಕರು ಎಂಬುದು ಹೊರಬೀಳುತ್ತದೆ. ರೂಪವನ್ನು ನೋಡಿ ಗುಣವನ್ನು ತೀರ್ಮಾನಿಸಬಾರದೆಂಬ ಹಳೆಯ ನೀತಿಯನ್ನು, ರೂಪವನ್ನೇ ನಂಬಿ ನಿಂತ ಮಾಧ್ಯಮವೊಂದು ಹೇಳಿದುದು ಇಲ್ಲಿನ ಸ್ವಾರಸ್ಯ.

ನಲವತ್ತಮೂರು ವರ್ಷಗಳ ನಂತರ, 2023ರ ನವೆಂಬರ್ 25ರಂದು, ಧಾರಾವಾಹಿಯ ಅರವತ್ತನೆಯ ವರ್ಷದ ವಿಶೇಷ ಕಂತಾಗಿ ಇದೇ ಕಥೆ ತೆರೆಗೆ ಬಂದಿತು. ಅಧಿಕಾರವಿಲ್ಲದಿದ್ದ ಅನುಬಂಧವು ಮೂಲದೊಳಗೆ ಸೇರಿತು. ಆದರೆ ಹಾರವು ಹಿಂದಿರುಗಿದಾಗ ಅದರಲ್ಲಿ ಒಂದು ಮುತ್ತು ಇರಲಿಲ್ಲ. ಕಾಮಿಕ್ಸ್‌ನಲ್ಲಿ ಆ ಜೀವಿಯನ್ನು ಕಂಡು ರಕ್ಷಿಸಿ, ಅನಂತರ ಡಾಕ್ಟರನ ಜೊತೆಗೆ ಪ್ರಯಾಣಕ್ಕೆ ಹೊರಟ ಶಾರನ್ ಎಂಬ ಕಪ್ಪು ವರ್ಣದ ಶಾಲಾಬಾಲಕಿಯ ಸ್ಥಾನದಲ್ಲಿ ತೆರೆಯ ಮೇಲೆ ಬೇರೊಬ್ಬ ಬಾಲಕಿಯಿದ್ದಳು. ಡಾಕ್ಟರನ ಸಹಯಾತ್ರಿಯಾದ ಮೊದಲ ಕಪ್ಪು ವ್ಯಕ್ತಿ ಈ ಶಾರನ್. ತೆರೆಯು ಅಂತಹ ಪಾತ್ರವನ್ನು ಕಾಣಲು ಇಪ್ಪತ್ತೈದು ವರ್ಷ ಕಾಯಬೇಕಾಯಿತು. ಹೊಸ ಕಂತಿನ ಬಾಲಕಿಯನ್ನು ರೂಪಿಸಿದುದರ ಹಿಂದೆಯೂ ಉದಾರವಾದ ಆಶಯವಿದ್ದುದು ನಿಜ. ಹಾಗಿದ್ದರೂ, ಯಾರೂ ಗಂಭೀರವಾಗಿ ಪರಿಗಣಿಸದ ವಾರಪತ್ರಿಕೆಯ ಪುಟದಲ್ಲಿ ಮೊದಲು ತೆರೆದ ಬಾಗಿಲನ್ನು ತೆರೆದವಳು ಯಾರೆಂಬುದನ್ನು ಮೂಲವು ಸ್ವೀಕರಿಸುವಾಗ ಮರೆತಿತು. ಅಂಚಿನಲ್ಲಿರುವ ಕೃತಿಗೆ ಅಂಚಿನಲ್ಲಿರುವುದರಿಂದಲೇ ಒಂದು ಸ್ವಾತಂತ್ರ್ಯವಿರುತ್ತದೆ. ಕೇಂದ್ರವು ಅದನ್ನು ಒಳಗೊಳ್ಳುವಾಗ ಆ ಸ್ವಾತಂತ್ರ್ಯದ ಫಲವನ್ನು ಪೂರ್ಣವಾಗಿ ಒಳಗೊಳ್ಳುವುದಿಲ್ಲ. ಅನುಬಂಧ ಕಾಮಿಕ್ಸ್‌ನ ಶಕ್ತಿ ಮತ್ತು ದುರಂತಗಳೆರಡನ್ನೂ ಈ ಒಂದು ಉದಾಹರಣೆಯಲ್ಲಿ ಕಾಣಬಹುದು.

7

ಈ ಚರ್ಚೆಗೂ ಕರ್ನಾಟಕಕ್ಕೂ ಇರುವ ಸಂಬಂಧವು ಕೇವಲ ಹೋಲಿಕೆಯದಲ್ಲ. ಭಾರತೀಯ ಕಾಮಿಕ್ಸ್‌ನ ಆರಂಭದ ಒಂದು ಎಳೆ ಕನ್ನಡದಲ್ಲಿಯೇ ಇದೆ. ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಶಾಖೆಯಲ್ಲಿದ್ದ ಜಿ.ಕೆ. ಅನಂತರಾಮ್ ಅವರ ಪ್ರಯತ್ನದಿಂದ 1965ರಲ್ಲಿ ಪಾಶ್ಚಾತ್ಯ ಮಕ್ಕಳ ಕಥೆಗಳು ಕಾಮಿಕ್ಸ್ ರೂಪದಲ್ಲಿ ಕನ್ನಡಕ್ಕೆ ಬಂದವು. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರ ಸಂಪಾದಕತ್ವದಲ್ಲಿ ಭಾರತೀಯ ಕಥೆಗಳ ‘ಅಮರ ಚಿತ್ರಕಥೆ’ ಬೆಳೆದುದು ಆ ಬಳಿಕ. 1964ರಲ್ಲಿ ಟೈಮ್ಸ್ ಆಫ್ ಇಂಡಿಯಾ ಸಂಸ್ಥೆ ಆರಂಭಿಸಿ 1990ರಲ್ಲಿ ನಿಲ್ಲಿಸಿದ ಇಂದ್ರಜಾಲ ಕಾಮಿಕ್ಸ್ ಕೂಡ ಕನ್ನಡದಲ್ಲಿ ಬಂದು, ಫ್ಯಾಂಟಮ್, ಮಾಂಡ್ರೇಕ್‌ರಂತಹ ಪರದೇಶದ ನಾಯಕರಿಗೆ ಕನ್ನಡದ ಮಾತು ಕೊಟ್ಟಿತು. ಅಂದರೆ ಕಾಮಿಕ್ಸ್ ಓದುವ ಅಭ್ಯಾಸ ಕನ್ನಡಕ್ಕೆ ಆಮದಾಗಿ ತಡವಾಗಿ ಬಂದುದಲ್ಲ.

ಮುಂದೆ ಬೆಂಗಳೂರು ಓದುವ ಊರು ಮಾತ್ರವಾಗಿ ಉಳಿಯದೆ ಬರೆಯುವ ಊರೂ ಆಯಿತು. 2006ರಲ್ಲಿ ರಿಚರ್ಡ್ ಬ್ರಾನ್ಸನ್ ಅವರ ವರ್ಜಿನ್ ಸಮೂಹ, ದೀಪಕ್ ಚೋಪ್ರಾ, ಶೇಖರ್ ಕಪೂರ್, ಶರದ್ ದೇವರಾಜನ್ ಮೊದಲಾದವರು ಸೇರಿ ಸ್ಥಾಪಿಸಿದ ವರ್ಜಿನ್ ಕಾಮಿಕ್ಸ್ ಸಂಸ್ಥೆಗೆ ನ್ಯೂಯಾರ್ಕಿನಲ್ಲಿ ಕಚೇರಿ, ಬೆಂಗಳೂರಿನಲ್ಲಿ ಚಿತ್ರಶಾಲೆ ಇದ್ದವು. ರಾಮಾಯಣವನ್ನು ದೂರದ ಭವಿಷ್ಯಕ್ಕೆ ಒಯ್ದ ‘ರಾಮಾಯಣ್ 3392 ಎ.ಡಿ.’ ಈ ಸಂಸ್ಥೆಯದು. ಪ್ರಸ್ತುತ ವಿಷಯಕ್ಕೆ ನೇರವಾಗಿ ಸಂಬಂಧಿಸಿದುದು ಅಮೆರಿಕದ ಸೈ ಫೈ ವಾಹಿನಿಯ ಸಹಯೋಗದಲ್ಲಿ ಹೊರಬಂದ ‘ದ ಸ್ಟ್ರ್ಯಾಂಡೆಡ್’. ಮೈಕ್ ಕೇರಿ ಬರೆದು ಸಿದ್ಧಾರ್ಥ ಕೋಟಿಯನ್ ಚಿತ್ರಿಸಿದ ಇದರಲ್ಲಿ, ಇದುವರೆಗೆ ತಾವು ನಂಬಿದ್ದ ಬದುಕೇ ಸುಳ್ಳೆಂದು ಕೆಲವರು ಕಂಡುಕೊಳ್ಳುತ್ತಾರೆ. ಧಾರಾವಾಹಿಯನ್ನು ಅನುಸರಿಸಿ ಕಾಮಿಕ್ಸ್ ಬರುವ ಕ್ರಮವು ಇಲ್ಲಿ ತಲೆಕೆಳಗಾಗಿತ್ತು; ಕಾಮಿಕ್ಸ್ ಮೊದಲು ಬಂದು ಮುಂದಿನ ಧಾರಾವಾಹಿಗೆ ಬೀಜವಾಗಬೇಕಾಗಿತ್ತು. ಆ ಧಾರಾವಾಹಿ ಬರಲಿಲ್ಲ. 2008ರಲ್ಲಿ ವರ್ಜಿನ್ ಸಮೂಹ ಹಿಂದೆ ಸರಿದು, ಸಂಸ್ಥೆಯು ಲಿಕ್ವಿಡ್ ಕಾಮಿಕ್ಸ್ ಎಂಬ ಹೆಸರಿನಲ್ಲಿ ಮುಂದುವರಿಯಿತು. ತೆರೆಗಾಗಿ ಕಾದು ಕುಳಿತ ಈ ಕಾಮಿಕ್ಸ್ ಮೂಲವಿಲ್ಲದ ಅನುಬಂಧವಾಗಿ ಉಳಿಯಿತು.

ಈ ಘಟನೆಯನ್ನು ಒಂದು ಸಂಸ್ಥೆಯ ಏಳುಬೀಳಾಗಿ ಮಾತ್ರ ನೋಡುವುದು ಸರಿಯಲ್ಲ. ಬೆಂಗಳೂರಿನ ಚಿತ್ರಶಾಲೆಯಲ್ಲಿ ರೂಪುಗೊಂಡ ವೈಜ್ಞಾನಿಕ ಲೋಕಗಳು ಇಂಗ್ಲಿಷಿನಲ್ಲಿ ಮಾತನಾಡಿದವು. ಅವುಗಳ ಓದುಗರಾಗಿ ಕಲ್ಪಿಸಿಕೊಂಡವರು ಸಮುದ್ರದಾಚೆಯವರು. ಅತ್ತ, ರಾಜಶೇಖರ ಭೂಸನೂರಮಠರಂತಹ ಲೇಖಕರು ದಶಕಗಳ ಕಾಲ ಕನ್ನಡದಲ್ಲಿ ವೈಜ್ಞಾನಿಕ ಕಥೆಗಳನ್ನು ಬರೆದರು. ಅವರ ಲೋಕಗಳನ್ನು ಚಿತ್ರಗಳಲ್ಲಿ ಬೆಳೆಸುವ ಕಾಮಿಕ್ಸ್ ಪರಂಪರೆಯೊಂದು ಕನ್ನಡದಲ್ಲಿ ನೆಲೆಗೊಳ್ಳಲಿಲ್ಲ. ಗೆರೆ ಇಲ್ಲಿಯದು, ಕಥೆಯೂ ಇಲ್ಲಿತ್ತು; ಎರಡೂ ಒಂದನ್ನೊಂದು ಭೇಟಿಯಾಗಲಿಲ್ಲ. ಬೆಂಗಳೂರಿನಿಂದ ಮಧುರೆಗೆ ಒಂದು ಹಗಲಿನಲ್ಲಿ ಹೋಗಿ ಬರಬಹುದು. ಈ ಎರಡು ಕಸುಬುಗಳ ನಡುವಿನ ದೂರ ಅದಕ್ಕಿಂತ ಬಹಳ ಹೆಚ್ಚಿನದಾಯಿತು.

8

ವಿಸ್ತರಣೆಯ ಹಸಿವು ಮಾತ್ರ ಕನ್ನಡದಲ್ಲಿ ಎಂದೂ ತೀರಿಲ್ಲ. ಹಿಂದಿಯಲ್ಲಿ 2016ರಲ್ಲಿ ಆರಂಭವಾದ ‘ಕರ್ಮಫಲದಾತಾ ಶನಿ’ ಮತ್ತು ಅದರ ಬೆನ್ನಿಗೆ ಕನ್ನಡದಲ್ಲಿ ಬಂದ ‘ಶನಿ’ ಧಾರಾವಾಹಿಗಳು ಪಾರಾಯಣದ ಪುಸ್ತಕ ಹೇಳದ ಶನಿಯ ಬಾಲ್ಯವನ್ನು, ತಾಯಿ ಛಾಯೆಯ ವಾತ್ಸಲ್ಯವನ್ನು, ತಂದೆ ಸೂರ್ಯನ ತಿರಸ್ಕಾರವನ್ನು ನೂರಾರು ಕಂತುಗಳಲ್ಲಿ ಬೆಳೆಸಿದವು. ಭಯದ ದೇವರನ್ನು ತಿರಸ್ಕೃತ ಮಗನಾಗಿ ಕಾಣಿಸಿದ ಈ ವಿಸ್ತರಣೆಯನ್ನು ಮಧುರೆಗೆ ನಡೆದುಕೊಳ್ಳುವ ಮನೆಗಳೂ ನೋಡಿದವು. ಹಾಗೆ ನೋಡಿದ ಮಾತ್ರಕ್ಕೆ ಶನಿವಾರದ ಕಥಾಪಾರಾಯಣದ ಪದ್ಯ ಬದಲಾಗಲಿಲ್ಲ. ಮೂಲವನ್ನು ಗೌರವಿಸುವುದು, ವಿಸ್ತರಣೆಯನ್ನು ಸವಿಯುವುದು ಇವೆರಡನ್ನೂ ಗೊಂದಲವಿಲ್ಲದೆ ಮಾಡಬಲ್ಲ ರಸಿಕತೆ ಈ ನೆಲದ ಶ್ರೋತೃಗಳಿಗೆ ಹಿಂದಿನಿಂದಲೇ ಬಂದಿದೆ. ತೆರೆಯ ಮೇಲಿನದೇ ನಿಜ, ಉಳಿದುದೆಲ್ಲ ಸುಳ್ಳು ಎಂದು ಗೆರೆ ಎಳೆಯುವ ಹಕ್ಕುದಾರರ ನಿಯಮಕ್ಕಿಂತ ಈ ರಸಿಕತೆ ಹೆಚ್ಚು ಪಕ್ವವಾದುದು.

ಈ ದೃಷ್ಟಿಯಿಂದ ನೋಡಿದಾಗ ಅನುಬಂಧ ಕಾಮಿಕ್ಸ್‌ನ ವಿಮರ್ಶೆಗೆ ಬೇಕಾದ ಮಾನದಂಡವು ದೊರೆಯುತ್ತದೆ. ಗೋಲ್ಡ್ ಕೀಯ ಮೊದಲ ಸಂಚಿಕೆ ಸೋತುದು ನೌಕೆಯ ಬೆಂಕಿಯಿಂದಲ್ಲ, ಗ್ರಹವನ್ನು ಸುಟ್ಟ ಬೆಂಕಿಯಿಂದ. ‘ಖಾನ್’ ಸೋತುದು ಕಥೆಗೆ ಹೊಂದದೆ ಅಲ್ಲ, ಕೇಳಬೇಕಾದ ಪ್ರಶ್ನೆಯನ್ನು ಮುಚ್ಚಿದ್ದರಿಂದ. ಡಾಲೆಕ್‌ಗಳ ಕಾಮಿಕ್ಸ್ ಸುಳ್ಳಾದ ಮೇಲೆಯೂ ಉಳಿಯಿತು. ‘ದ ಶೆಫರ್ಡ್ಸ್ ಟೇಲ್’ ಗುಟ್ಟನ್ನು ಹೇಳಿಯೂ ಪಾತ್ರವನ್ನು ಉಳಿಸಿತು. ಶಾರನ್ ತೆರೆಗೆ ಬಾರದಿದ್ದರೂ ತೆರೆಗಿಂತ ಮೊದಲು ಬಂದವಳಾಗಿ ಉಳಿದಳು. ಮೂಲವು ಒಪ್ಪಿತೋ ಇಲ್ಲವೋ ಎಂಬುದು ಹಕ್ಕುದಾರರ ಲೆಕ್ಕ. ಮೂಲದ ರಸವು ಬೆಳೆಯಿತೋ ಇಲ್ಲವೋ ಎಂಬುದು ಓದುಗನ ಲೆಕ್ಕ.

ಶನಿಕಥೆಯಲ್ಲಿ ವಿಕ್ರಮನು ನಿರಪರಾಧಿಯೆಂಬುದನ್ನು ಕಡೆಗೆ ಸಾಧಿಸಿದುದು ರಾಜನ ವಿಚಾರಣೆಯಲ್ಲ, ಗೋಡೆಯ ಮೇಲಿನ ಚಿತ್ರ. ಅದು ಹಾರವನ್ನು ಉಗುಳುವವರೆಗೆ ಅದರ ಹೊಟ್ಟೆಯಲ್ಲಿ ಏನಿತ್ತೆಂದು ನೋಡಲು ಯಾರೂ ಹೋಗಲಿಲ್ಲ. ಅಗ್ಗದ ಕಾಗದದ ಮೇಲೆ ಅಚ್ಚಾಗಿ, ಓದಿ ಎಸೆದು ಹೋದ ಚಿತ್ರಗಳ ಒಳಗೆ ಒಂದು ಕಾಲದ ಆಸೆ, ಅಂಜಿಕೆ, ಔದಾರ್ಯ, ಪೂರ್ವಗ್ರಹಗಳೆಲ್ಲ ಹಾಗೆಯೇ ಇವೆ. ಕನ್ನಡದ ವಿಮರ್ಶೆಯು ತನ್ನ ನೆಲದಲ್ಲಿ ಬರೆದ, ತನ್ನ ಭಾಷೆಯಲ್ಲಿ ಓದಿದ ಕಾಮಿಕ್ಸ್‌ಗಳ ಕಡೆಗೂ ಕಣ್ಣು ಹಾಯಿಸಿ, ಅವುಗಳ ಹಳೆಯ ಪ್ರತಿಗಳು ಸಂಪೂರ್ಣವಾಗಿ ಮರೆಯಾಗುವ ಮುನ್ನ ಅವುಗಳನ್ನು ಸಂಗ್ರಹಿಸಿ ಪರಿಶೀಲಿಸುವುದು ಅಗತ್ಯವಾಗಿದೆ.